ದನಿ ಒಡೆದ ಮರುದಿನ

ನಮಸ್ಕಾರ. ಚರ್ಚ್ ಕ್ವಾಯರ್‌ಗಳಲ್ಲಿ, ಅಂದರೆ ಚರ್ಚಿನ ಗಾಯಕವೃಂದಗಳಲ್ಲಿ, ಹಾಡುವ ಮಕ್ಕಳು ಏನು ಕಲಿಯುತ್ತಾರೆ, ಕಲಿತು ಮುಂದೆ ಏನಾಗುತ್ತಾರೆ ಎಂಬ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಒಂದು ಹಳೆಯ ಮನವಿಪತ್ರದಿಂದ ಶುರು ಮಾಡುತ್ತೇನೆ.

1730ರ ಆಗಸ್ಟ್ 23. ಜರ್ಮನಿಯ ಲೈಪ್‌ಜಿಗ್ ನಗರ. ಅಲ್ಲಿನ ಚರ್ಚುಗಳ ಸಂಗೀತದ ಹೊಣೆ ಹೊತ್ತು ಏಳು ವರ್ಷ ಕಳೆದಿದ್ದ ಯೋಹಾನ್ ಸೆಬಾಸ್ಟಿಯನ್ ಬಾಖ್ ನಗರಸಭೆಗೆ ಒಂದು ಮನವಿ ಬರೆದರು. ಹಾಡಿಸಬೇಕಾದದ್ದು ನಾಲ್ಕು ಚರ್ಚುಗಳಲ್ಲಿ, ಕೈಯಲ್ಲಿರುವುದು ಸೇಂಟ್ ಥಾಮಸ್ ಶಾಲೆಯ ಹುಡುಗರು. ಅವರಲ್ಲಿ ಹಾಡಬಲ್ಲವರು ಎಷ್ಟು ಎಂದು ಬಾಖ್ ಲೆಕ್ಕ ಒಪ್ಪಿಸಿದರು. ಹೆಸರು ಹಿಡಿದು ಮೂರು ಪಟ್ಟಿ. ಕೆಲಸಕ್ಕೆ ಬರುವವರು 17. ಇನ್ನೂ ಪಳಗಬೇಕಾದವರು 20. ಯಾವುದಕ್ಕೂ ಆಗದವರು 17. ಒಟ್ಟು 54 ಹುಡುಗರು.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ಸಂಗೀತಗಾರನ ಸಂಕಟವಷ್ಟೇ ನನಗೆ ಕಂಡಿತು. ಆಮೇಲೆ ಅದೇ ಪಟ್ಟಿ ಬೇರೆ ರೀತಿ ಕಾಡತೊಡಗಿತು. ಅದರಲ್ಲಿ ಇಲ್ಲದ ನಾಲ್ಕನೆಯ ಗುಂಪೊಂದಿದೆ: ನಿನ್ನೆಯವರೆಗೆ ಕೆಲಸಕ್ಕೆ ಬರುತ್ತಿದ್ದು, ಇವತ್ತು ಹರೆಯ ಬಂದು ದನಿ ಒಡೆದವರು. ಒಂದು ಕ್ವಾಯರ್ ಎಷ್ಟು ಚೆನ್ನಾಗಿ ಹಾಡುತ್ತದೆ ಎಂಬುದನ್ನು ಧ್ವನಿಮುದ್ರಿಕೆ ಹೇಳುತ್ತದೆ. ಅದು ಎಷ್ಟು ಒಳ್ಳೆಯ ಕ್ವಾಯರ್ ಎಂದು ತಿಳಿಯಬೇಕಾದರೆ ಈ ನಾಲ್ಕನೆಯ ಗುಂಪನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂದು ಕೇಳಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟನ್ನೇ. ಉಳಿದದ್ದೆಲ್ಲ ಇದಕ್ಕೆ ಆಧಾರ.

ಮೊದಲು ಕಲಿಕೆಯ ಮಾತು. ಇಂಗ್ಲೆಂಡಿನ ಕೆಥೆಡ್ರಲ್ ಒಂದನ್ನು, ಅಂದರೆ ಬಿಷಪ್ಪರ ಮುಖ್ಯ ಚರ್ಚೊಂದನ್ನು, ತೆಗೆದುಕೊಳ್ಳೋಣ, ಏಕೆಂದರೆ ದಿನಾ ಹಾಡುವ ಪದ್ಧತಿ ಅಲ್ಲಿ ಇನ್ನೂ ಜೀವಂತ. ಏಳೆಂಟು ವರ್ಷದ ಮಗುವನ್ನು ಪರೀಕ್ಷಿಸಿ ಸೇರಿಸಿಕೊಳ್ಳುತ್ತಾರೆ. ಆಗ ಅದಕ್ಕೆ ಸಂಗೀತ ಹೆಚ್ಚೇನೂ ಗೊತ್ತಿರಬೇಕಿಲ್ಲ; ಕಿವಿ ಚುರುಕಾಗಿರಬೇಕು, ಕೇಳಿದ ಸ್ವರವನ್ನು ಮರಳಿ ಹಾಡಬೇಕು, ಕಣ್ಣಲ್ಲಿ ಆಸೆ ಕಾಣಬೇಕು. ಮೊದಲ ಒಂದೆರಡು ವರ್ಷ ಅದು ಪ್ರೊಬೇಷನರ್, ಅಂದರೆ ಇನ್ನೂ ಪಳಗುತ್ತಿರುವ ಹೊಸಬ. ಬೆಳಿಗ್ಗೆ ಪಾಠಗಳು ಶುರುವಾಗುವ ಮುಂಚೆ ಅಭ್ಯಾಸ, ಶಾಲೆ ಮುಗಿದ ಮೇಲೆ ಮತ್ತೆ ಅಭ್ಯಾಸ, ಅದರ ಬೆನ್ನಿಗೇ ಸಂಜೆಯ ಪ್ರಾರ್ಥನೆ. ಅದಕ್ಕೆ ಈವ್ನ್‌ಸಾಂಗ್ ಎಂದು ಹೆಸರು. ಮರಿಯಳ ಸ್ತುತಿಗೀತೆ, ಸಿಮೆಯೋನನ ಗೀತೆ, ಬೈಬಲ್ಲಿನಿಂದ ಆ ದಿನದ ಕೀರ್ತನೆಗಳು, ಒಂದು ಆಂಥೆಮ್, ಅಂದರೆ ಕ್ವಾಯರ್ ಹಾಡುವ ಭಕ್ತಿಗೀತೆ. ಮರುದಿನ ಬೇರೆ ಸಂಗೀತಗಾರನ ರಚನೆ, ಬೇರೆ ಆಂಥೆಮ್. ಒಂದು ವರ್ಷದಲ್ಲಿ ಆ ಮಗುವಿನ ಬಾಯಲ್ಲಿ ನೂರಾರು ಕೃತಿಗಳು ಹಾದು ಹೋಗುತ್ತವೆ, ಹದಿನಾರನೇ ಶತಮಾನದ ಲ್ಯಾಟಿನ್‌ನಿಂದ ಹಿಡಿದು ಕಳೆದ ವರ್ಷ ಬರೆದದ್ದರವರೆಗೆ.

ಇಷ್ಟನ್ನು ಯಾರೂ ಉರುಹೊಡೆಸಿ ಕಲಿಸಲಾರರು. ಹಾಗಾಗಿ ಆ ಮಗು ಓದಲು ಕಲಿಯುತ್ತದೆ. ಪುಸ್ತಕ ಓದಿದಷ್ಟೇ ಸಲೀಸಾಗಿ ಸ್ವರಲಿಪಿಯನ್ನು ನೋಡಿದ ಕೂಡಲೇ ಹಾಡುತ್ತದೆ. ಹೊಸಬರನ್ನು ಹಳಬರ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಹನ್ನೆರಡು ವರ್ಷದವನು ಹಾಡುತ್ತಲೇ ಎಂಟು ವರ್ಷದವನ ಪುಟದ ಮೇಲೆ ಬೆರಳಿಟ್ಟು ಎಲ್ಲಿದ್ದೇವೆಂದು ತೋರಿಸುತ್ತಾನೆ. ಅರ್ಧ ಕಲಿಕೆ ಆ ಬೆರಳ ತುದಿಯಲ್ಲೇ ನಡೆದುಹೋಗುತ್ತದೆ. ಇನ್ನೊಂದು ರೂಢಿ ನನಗೆ ಬಹಳ ಇಷ್ಟ. ಅಭ್ಯಾಸದ ನಡುವೆ ಸ್ವರ ತಪ್ಪಿದರೆ ಆ ಮಗು ತಾನಾಗಿಯೇ ಕೈ ಎತ್ತುತ್ತದೆ. ಹಾಡು ನಿಲ್ಲುವುದಿಲ್ಲ, ಬೈಗುಳವೂ ಇಲ್ಲ. ‘ನನಗೆ ಗೊತ್ತಾಯಿತು, ಮುಂದಿನ ಸಲ ಸರಿ ಮಾಡುತ್ತೇನೆ’ ಎಂಬುದಷ್ಟೇ ಅದರ ಅರ್ಥ. ತನ್ನ ತಪ್ಪನ್ನು ತಾನೇ ಕೇಳಿಸಿಕೊಳ್ಳುವ ಈ ಗುಣ ದೊಡ್ಡ ಗಾಯಕರಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಆಂಥೆಮ್‌ಗಳಿಗಿಂತಲೂ ಕಠಿಣವಾದ ಪಾಠಶಾಲೆ ಕೀರ್ತನೆಗಳದು. ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನು ತಿಂಗಳ 30 ದಿನಗಳ ಬೆಳಗು ಸಂಜೆಗಳಿಗೆ ಹಂಚಿಕೊಟ್ಟಿದೆ. 15ನೇ ಸಂಜೆಗೆ ಬರುವುದು 78ನೇ ಕೀರ್ತನೆ, ಎಪ್ಪತ್ತಕ್ಕೂ ಹೆಚ್ಚು ವಚನಗಳು. ಇವನ್ನು ಹಾಡುವ ಆಂಗ್ಲಿಕನ್ ಚಾಂಟ್ ಎಂಬ ಮಟ್ಟು ನೋಡಲು ತೀರಾ ಸರಳ. ಒಂದು ವಚನಕ್ಕೆ ಹತ್ತೇ ಸ್ವರಗುಚ್ಛ. ಆದರೆ ವಚನಗಳ ಉದ್ದ ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ಏಳು ಪದ, ಮುಂದಿನದರಲ್ಲಿ ಇಪ್ಪತ್ತು. ತಾಳವಿಲ್ಲ, ಮಾತಿನ ನಡಿಗೆಯೇ ಅಲ್ಲಿ ಲಯ. ಎದುರುಬದುರಾಗಿ ಎರಡು ಸಾಲಿನಲ್ಲಿ ನಿಂತ ಇಪ್ಪತ್ತು ಮೂವತ್ತು ಜನ ಒಂದೇ ಬಾಯಿಂದ ಮಾತಾಡಿದ ಹಾಗೆ ಹಾಡಬೇಕು, ಒಂದು ವಚನ ಈ ಕಡೆ, ಮುಂದಿನದು ಆ ಕಡೆ. ಪಕ್ಕದವನ ಉಸಿರು ಕೇಳದಿದ್ದರೆ ಇದು ಸಾಧ್ಯವೇ ಇಲ್ಲ. ನಾಲ್ಕೈದು ವರ್ಷ ದಿನವೂ ಇದನ್ನು ಮಾಡಿದ ಮಗುವಿಗೆ ಮುಂದೆ ಯಾವ ವೇದಿಕೆಯಲ್ಲೂ ಇನ್ನೊಬ್ಬರೊಡನೆ ಹಾಡುವುದು ಹೊಸದಾಗಿ ಕಲಿಯಬೇಕಾದ ವಿದ್ಯೆ ಅನ್ನಿಸುವುದಿಲ್ಲ.

1963ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಕ್ವಾಯರ್ ಅಲೆಗ್ರಿ ಎಂಬ ಸಂಗೀತಗಾರನ ‘ಮಿಸೆರೆರೆ’ ಎಂಬ ಕೃತಿಯನ್ನು ಧ್ವನಿಮುದ್ರಿಸಿತು. ಅದರಲ್ಲಿ ಮತ್ತೆ ಮತ್ತೆ ತಾರಸ್ಥಾಯಿಯ ತುದಿ ಮುಟ್ಟಿ ಬರುವ ದನಿ ಹನ್ನೆರಡು ವರ್ಷದ ರಾಯ್ ಗುಡ್‌ಮನ್ ಎಂಬ ಹುಡುಗನದು. ರಗ್ಬಿ ಮೈದಾನದಿಂದ ನೇರ ಬಂದು ಹಾಡಿದ ಎಂದು ಹೇಳುತ್ತಾರೆ. ಅರವತ್ತು ವರ್ಷ ದಾಟಿದರೂ ಜನ ಅದನ್ನು ಕೇಳುತ್ತಿದ್ದಾರೆ. ಅದೇ ಕಿಂಗ್ಸ್‌ನಲ್ಲಿ ಕ್ರಿಸ್‌ಮಸ್ ಹಿಂದಿನ ದಿನ, 1918ರಿಂದ ನಡೆದುಬಂದಿರುವ ಆರಾಧನೆಯಲ್ಲಿ, ಮೊದಲ ಗೀತೆಯ ಮೊದಲ ಚರಣವನ್ನು ಒಬ್ಬನೇ ಹುಡುಗ ಹಾಡುತ್ತಾನೆ. ಯಾರು ಹಾಡುವುದೆಂದು ನಿರ್ದೇಶಕರು ಕೊನೆಯ ಗಳಿಗೆಯವರೆಗೂ ಹೇಳುವುದಿಲ್ಲ. ಜಗತ್ತೆಲ್ಲ ರೇಡಿಯೊಗೆ ಕಿವಿಗೊಟ್ಟು ಕೂತಿರುವಾಗ ಒಂದು ಬೆರಳು ಒಬ್ಬನತ್ತ ತೋರುತ್ತದೆ, ಅವನು ಹಾಡುತ್ತಾನೆ. ಇದು ಕ್ರೌರ್ಯವಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಇದು ಕರುಣೆಯಾಗಿಯೇ ಕಾಣುತ್ತದೆ. ಹುಡುಗ ಹಿಂದಿನ ರಾತ್ರಿ ನಿದ್ದೆಗೆಡುವುದಿಲ್ಲ.

ಇನ್ನು ಶರೀರದ ಮಾತು. ಹುಡುಗನ ಧ್ವನಿಪೆಟ್ಟಿಗೆ ಹರೆಯದಲ್ಲಿ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಇಳಿಯುವುದು ಎರಡು ಮೂರು ಸ್ವರದಷ್ಟು ಮಾತ್ರ. ಕೆಲವು ಕಾಲ ದನಿಯಲ್ಲಿ ಗಾಳಿ ಸೇರಿಕೊಂಡ ಹಾಗಿರುತ್ತದೆ. ಬಾಖ್ ಕಾಲದ ಲೈಪ್‌ಜಿಗ್‌ನಲ್ಲಿ ಹದಿನಾರು ಹದಿನೇಳರ ಹುಡುಗರೂ ಮೇಲಿನ ದನಿಯಲ್ಲಿ ಹಾಡುತ್ತಿದ್ದರು. ಇಂದು ಹನ್ನೆರಡು ಹದಿಮೂರಕ್ಕೆ ಬದಲಾವಣೆ ಬಾಗಿಲು ತಟ್ಟುತ್ತದೆ. ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಹದಿನಾರರ ಎದೆಗೂಡು, ಹದಿನಾರರ ತಿಳಿವಳಿಕೆ ಇದ್ದವರಿಗೆಂದು ಬಾಖ್ ಬರೆದ ಸಾಲುಗಳನ್ನು ಇಂದು ಹನ್ನೊಂದರ ಮಕ್ಕಳು ಹಾಡುತ್ತಿದ್ದಾರೆ. ಎಂಟಕ್ಕೆ ಸೇರಿ, ಎರಡು ವರ್ಷ ಪಳಗಿ, ಪೂರ್ತಿ ಪ್ರಾವೀಣ್ಯಕ್ಕೆ ಬಂದ ಮೇಲೆ ಆ ದನಿ ಉಳಿಯುವುದು ಎರಡೋ ಮೂರೋ ವರ್ಷ. ಮೇಷ್ಟರು ಕಟ್ಟಿದ ಮನೆ ಪ್ರತಿ ವರ್ಷ ಮೇಲುಮಹಡಿ ಕಳಚಿಕೊಳ್ಳುತ್ತದೆ, ಪ್ರತಿ ವರ್ಷ ಮತ್ತೆ ಅಡಿಪಾಯದಿಂದ ಏಳಬೇಕು.

ದನಿ ಒಡೆಯುವ ಕಾಲದಲ್ಲಿ ಹಾಡಲೇಬಾರದು ಎಂಬ ನಂಬಿಕೆ ಹಿಂದೆ ಬಲವಾಗಿತ್ತು. ಈಗ ಅದು ಹೋಗಿದೆ. 1970ರ ದಶಕದಲ್ಲಿ ಅಮೆರಿಕದ ಜಾನ್ ಕುಕ್ಸಿ, ಹುಡುಗರ ದನಿ ಹಂತ ಹಂತವಾಗಿ ಇಳಿಯುವುದನ್ನು ಗುರುತಿಸಿ, ಪ್ರತಿ ಹಂತಕ್ಕೂ ಯಾವ ಸ್ವರಗಳ ಮಿತಿಯಲ್ಲಿ ಹಾಡಿಸಬೇಕೆಂದು ತೋರಿಸಿಕೊಟ್ಟರು. ಒತ್ತಾಯವಿಲ್ಲದೆ, ಆ ವಾರ ಯಾವ ಸ್ವರಗಳು ಸಲೀಸೋ ಅಷ್ಟರಲ್ಲೇ ಹಾಡಿಸಿದರೆ ಕಂಠಕ್ಕೆ ಕೇಡಿಲ್ಲ, ಮನಸ್ಸಿಗಂತೂ ಲಾಭವೇ. ‘ಒಡೆಯುವುದು’ ಎಂಬ ಮಾತನ್ನೇ ಬಿಟ್ಟು ‘ಬದಲಾಗುವುದು’ ಎನ್ನಬೇಕು ಎಂದು ಇಂದಿನ ಶಿಕ್ಷಕರು ಹೇಳುತ್ತಾರೆ. ಶರೀರದ ದೃಷ್ಟಿಯಿಂದ ಅವರದು ಸರಿ. ಆದರೆ ಆ ಹುಡುಗನ ದೃಷ್ಟಿಯಿಂದ ನೋಡಿದರೆ ಏನೋ ಒಡೆಯುವುದಂತೂ ನಿಜ. ಅವನಿಗೆ ಹದಿಮೂರು ವರ್ಷ. ತನ್ನ ಕಸುಬಿನಲ್ಲಿ ಆಗಲೇ ಪಳಗಿದ ಕೈ, ಈಗ ಕೆಲಸ ಹೋಗಿದೆ.

1749ರ ವಿಯೆನ್ನಾಕ್ಕೆ ಬನ್ನಿ. ಎಂಟನೇ ವಯಸ್ಸಿಗೆ ಹಳ್ಳಿಯ ಕಡೆಯಿಂದ ಆಯ್ದು ತಂದು ಸೇಂಟ್ ಸ್ಟೀಫನ್ ಕೆಥೆಡ್ರಲ್‌ಗೆ ಸೇರಿಸಿಕೊಂಡಿದ್ದ ಯೋಸೆಫ್ ಹೈಡನ್‌ಗೆ ಈಗ ಹದಿನೇಳು. ಒಂಬತ್ತು ವರ್ಷ ಆ ಚರ್ಚಿನಲ್ಲಿ ಹಾಡಿದ್ದಾನೆ. ಆ ಒಂಬತ್ತು ವರ್ಷಗಳಲ್ಲಿ ಅಲ್ಲಿನ ಮುಖ್ಯಸ್ಥರು ಅವನಿಗೆ ಸಂಗೀತಶಾಸ್ತ್ರದ ಪಾಠ ಹೇಳಿದ್ದು ಎರಡೇ ಸಲ ಎಂದು ಮುಪ್ಪಿನಲ್ಲಿ ಆತ ನೆನೆಸಿಕೊಂಡ. ಕಲಿತದ್ದೆಲ್ಲ ಕೇಳಿ ಕೇಳಿ ಕಲಿತದ್ದು. ದನಿ ಕೆಟ್ಟಿತು, ಮಹಾರಾಣಿಯೇ ಇವನು ಹುಂಜದ ಹಾಗೆ ಕೂಗುತ್ತಾನೆ ಎಂದಳೆಂಬ ಕತೆಯಿದೆ. ಏನೋ ಒಂದು ನೆಪ ಸಿಕ್ಕಿತು, ಹುಡುಗನನ್ನು ಹೊರಗೆ ಹಾಕಿದರು. ಕೈಯಲ್ಲಿ ಕಾಸಿಲ್ಲ, ಮೈಮೇಲೆ ಹಳೆಯ ಅಂಗಿ. ರಸ ಹೀರಿ ಸಿಪ್ಪೆ ಎಸೆದರು ಎನ್ನುತ್ತೇವಲ್ಲ, ಅದಕ್ಕಿಂತ ಸರಿಯಾದ ಮಾತು ನನಗೆ ಹೊಳೆಯುವುದಿಲ್ಲ. ಮುಂದಿನ ವರ್ಷಗಳಲ್ಲಿ ಆತ ಮಾಡಿದ್ದೇನು? ಮಕ್ಕಳಿಗೆ ಪಾಠ, ಬೀದಿಯಲ್ಲಿ ರಾತ್ರಿಯ ವಾದ್ಯಗೋಷ್ಠಿ, ಒಂದು ಚರ್ಚಿನಲ್ಲಿ ಹಾಡು, ಇನ್ನೊಂದರಲ್ಲಿ ಪಿಟೀಲು, ಪೋರ್ಪೊರಾ ಎಂಬ ಗಾಯನಗುರುವಿಗೆ ಪಕ್ಕವಾದ್ಯ. ಇವತ್ತಿನ ಯುವ ಗಾಯಕರ ವಾರದ ದಿನಚರಿಯನ್ನು ನೋಡಿದವರಿಗೆ ಈ ಪಟ್ಟಿ ಗುರುತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದೇ ಊರಿನಲ್ಲಿ, ಅರವತ್ತು ವರ್ಷಗಳ ನಂತರ ಇನ್ನೊಬ್ಬ ಹುಡುಗ. ಅರಮನೆಯ ಚಾಪೆಲ್ ಎಂಬ ಪ್ರಾರ್ಥನಾಮಂದಿರದಲ್ಲಿ ಹಾಡುತ್ತಿದ್ದವನು. ಮಾಸ್ ಎಂಬ ಆರಾಧನಾ ಕೃತಿಯೊಂದರ ಆಲ್ಟೊ, ಅಂದರೆ ಮೇಲಿನಿಂದ ಎರಡನೆಯ ದನಿಯ, ಹಾಳೆಯ ಮೇಲೆ ತನ್ನ ಕೈಯಿಂದಲೇ ಬರೆದಿಟ್ಟಿದ್ದಾನೆ: ಶೂಬರ್ಟ್ ಫ್ರಾನ್ಸ್ ಕೊನೆಯ ಸಲ ಕೂಗಿದ್ದು 26 ಜುಲೈ 1812. ಇಲ್ಲೂ ಹುಂಜದ ಕೂಗಿಗೆ ಬಳಸುವ ಪದವೇ. ಆದರೆ ಈ ಹುಡುಗನನ್ನು ಮರುದಿನ ಬೀದಿಗೆ ತಳ್ಳಲಿಲ್ಲ. ವಸತಿಶಾಲೆಯಲ್ಲಿ ಓದು ಮುಂದುವರಿಯಿತು, ಸಾಲಿಯೇರಿ ಎಂಬ ಆಸ್ಥಾನ ಸಂಗೀತಗಾರನ ಬಳಿ ಪಾಠವೂ ನಡೆಯಿತು. ಇಬ್ಬರೂ ಮಹಾ ಸಂಗೀತಗಾರರಾದರಲ್ಲ, ಹಾಗಾದರೆ ವ್ಯತ್ಯಾಸವೇನು ಎಂದು ನೀವು ಕೇಳಬಹುದು. ಹೈಡನ್ ಬದುಕಿಕೊಂಡ, ಕತೆ ಉಳಿಯಿತು. ಅವನ ಹಾಗೆ ಹೊರಬಿದ್ದು ಹೈಡನ್ ಆಗದ ಹುಡುಗರ ಕತೆ ಬರೆದವರಿಲ್ಲ.

ಅವರ ಪರವಾಗಿ ನಿಂತ ಒಬ್ಬ ಹೆಂಗಸಿನ ಹೆಸರನ್ನು ಇಲ್ಲಿ ಹೇಳಲೇಬೇಕು. ಲಂಡನ್ನಿನ ಮರಾಯಾ ಹ್ಯಾಕೆಟ್, ಹುಟ್ಟಿದ್ದು 1783ರಲ್ಲಿ. ಚಿಕ್ಕಮ್ಮನ ಮಗನೋ ದೂರದ ನೆಂಟನೋ ಆದ ಪುಟ್ಟ ಹುಡುಗನೊಬ್ಬ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಕೋರಿಸ್ಟರ್ ಆಗಿ, ಅಂದರೆ ಕ್ವಾಯರ್‌ನ ಹಾಡುವ ಹುಡುಗನಾಗಿ, ಸೇರಿದ. ಆ ಮಕ್ಕಳಿಗೆ ಸರಿಯಾದ ಓದು ಇಲ್ಲ, ಹೇಳುವವರು ಕೇಳುವವರು ಇಲ್ಲ, ದುಡ್ಡಿಗಾಗಿ ಹೊರಗಿನ ಕಛೇರಿಗಳಿಗೆ ಹಾಡಲು ಕಳಿಸುತ್ತಾರೆ ಎಂಬುದನ್ನು ಆಕೆ ಕಣ್ಣಾರೆ ಕಂಡಳು. ಹಳೆಯ ದಾಖಲೆಗಳನ್ನು ಅಗೆದಳು. ಮಕ್ಕಳ ಊಟ, ವಸತಿ, ವಿದ್ಯೆಗೆಂದು ಶತಮಾನಗಳ ಹಿಂದೆಯೇ ದಾನಿಗಳು ಬಿಟ್ಟುಹೋದ ದತ್ತಿಗಳನ್ನೂ ನಿಯಮಗಳನ್ನೂ ಹೊರತೆಗೆದಳು. ಧರ್ಮಾಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದಳು, ನ್ಯಾಯಾಲಯಕ್ಕೂ ಹೋದಳು. ಬಳಿಕ ಇಂಗ್ಲೆಂಡ್, ವೇಲ್ಸ್‌ಗಳ ಕೆಥೆಡ್ರಲ್‌ಗಳನ್ನು ಒಂದೊಂದಾಗಿ ಸುತ್ತಿ, ಅಲ್ಲಿನ ಹಾಡುವ ಮಕ್ಕಳ ಸ್ಥಿತಿಗತಿಯನ್ನು ಬರೆದು ಪ್ರಕಟಿಸಿದಳು. 1874ರಲ್ಲಿ ಸಾಯುವವರೆಗೂ ಆಕೆ ಈ ಕೆಲಸ ಬಿಡಲಿಲ್ಲ. ಹುದ್ದೆಯಿಲ್ಲ, ಅಧಿಕಾರವಿಲ್ಲ, ಆ ಕ್ವಾಯರ್‌ಗಳಲ್ಲಿ ಹೆಂಗಸಿಗೆ ನಿಲ್ಲುವ ಜಾಗವೂ ಇರಲಿಲ್ಲ. ಇಂದು ಕೋರಿಸ್ಟರ್‌ಗೆ ಒಳ್ಳೆಯ ಶಾಲೆ ಸಿಗುತ್ತದೆ, ಪಿಯಾನೊ ಜೊತೆಗೆ ಇನ್ನೊಂದು ವಾದ್ಯ ಕಲಿಸುತ್ತಾರೆ ಎಂದರೆ, ಆ ದಾರಿಯ ಕಲ್ಲುಮುಳ್ಳು ಮೊದಲು ತೆಗೆದವಳು ಅವಳು.

ಜರ್ಮನಿಯ ದಾರಿ ಬೇರೆ, ನನ್ನ ಪ್ರಶ್ನೆಗೆ ಅಲ್ಲಿ ಒಳ್ಳೆಯ ಉತ್ತರವೇ ಇದೆ. 1212ರಲ್ಲಿ ಹುಟ್ಟಿದ ಲೈಪ್‌ಜಿಗ್‌ನ ಥಾಮಸ್ ಕ್ವಾಯರ್‌ನಲ್ಲಾಗಲಿ, ಡ್ರೆಸ್‌ಡೆನ್‌ನ ಕ್ರಾಯ್ಟ್ಸ್ ಕ್ವಾಯರ್‌ನಲ್ಲಾಗಲಿ, ಹುಡುಗ ದನಿ ಬದಲಾದ ಮೇಲೂ ಅಲ್ಲೇ ಉಳಿಯುತ್ತಾನೆ. ಸ್ವಲ್ಪ ಕಾಲ ಸುಮ್ಮನಿದ್ದು, ಟೆನರ್ ಅಥವಾ ಬಾಸ್ ಎಂಬ ಗಂಡಸಿನ ಕೆಳದನಿಯವನಾಗಿ ಹಿಂದಿನ ಸಾಲಿಗೆ ಮರಳುತ್ತಾನೆ, ಹದಿನೆಂಟರವರೆಗೂ ಹಾಡುತ್ತಾನೆ. ತಾನು ಹತ್ತನೇ ವಯಸ್ಸಿನಲ್ಲಿ ಮೇಲಿಂದ ಹಾಡಿದ ಕೃತಿಯನ್ನೇ ಹದಿನೇಳರಲ್ಲಿ ಕೆಳಗಿಂದ ಹಾಡುತ್ತಾನೆ. ಕ್ರಾಯ್ಟ್ಸ್ ಕ್ವಾಯರ್‌ನಿಂದ ಬಂದ ಟೆನರ್ ಗಾಯಕ ಪೀಟರ್ ಶ್ರಾಯರ್, ಯೇಸುವಿನ ಯಾತನೆ ಮತ್ತು ಮರಣವನ್ನು ಹಾಡುವ ಬಾಖ್‌ನ ‘ಪ್ಯಾಷನ್’ ಕೃತಿಗಳಲ್ಲಿ ಕತೆ ಹೇಳುವ ಸುವಾರ್ತಿಕನ ಪಾತ್ರವನ್ನು ಹಾಡುವಾಗ, ಆ ಕೃತಿಯ ಪ್ರತಿ ಮಹಡಿಯಲ್ಲೂ ವಾಸವಿದ್ದು ಬಂದ ಮನುಷ್ಯನ ಭರವಸೆ ಅದರಲ್ಲಿ ಕೇಳುತ್ತದೆ.

ಆದರೆ ವಸತಿಶಾಲೆಯ ಬಾಗಿಲು ಮುಚ್ಚಿದರೆ ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ತಿಳಿಯದು. ರೇಗೆನ್ಸ್‌ಬುರ್ಗ್ ಕೆಥೆಡ್ರಲ್‌ನ ಹೆಸರಾಂತ ಬಾಲಕರ ಕ್ವಾಯರ್ ಬಗ್ಗೆ 2017ರಲ್ಲಿ ಪ್ರಕಟವಾದ ಸ್ವತಂತ್ರ ವರದಿ, 1945ರಿಂದ ಮೊದಲ್ಗೊಂಡು ದಶಕಗಳ ಕಾಲ ಕನಿಷ್ಠ 547 ಹುಡುಗರು ಹಿಂಸೆಗೆ, ಅವರಲ್ಲಿ ಕೆಲವರು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು ಎಂದು ಹೇಳಿತು. ಹಾಡು ಸೊಗಸಾಗಿತ್ತು, ಧ್ವನಿಮುದ್ರಿಕೆಗಳು ಇವೆ. ಅವನ್ನು ಈಗ ನಾನು ಮೊದಲಿನ ಹಾಗೆ ಕೇಳಲಾರೆ. ಮಗುವಿನಿಂದ ಪರಿಪೂರ್ಣತೆಯನ್ನು ಕೇಳುವ ಯಾವ ಸಂಸ್ಥೆಯೂ ಮಗುವಿನ ದೂರನ್ನು ಕೇಳುವ ಕಿವಿಯನ್ನೂ ಇಟ್ಟುಕೊಂಡಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇಷ್ಟು ಹೊತ್ತು ‘ಹುಡುಗ, ಹುಡುಗ’ ಎಂದೇ ಹೇಳುತ್ತಿದ್ದೇನೆ, ಗಮನಿಸಿರಬಹುದು. ಹುಡುಗಿಯರ ಹೆಸರು ಬಾಖ್‌ನ ಮೂರು ಪಟ್ಟಿಗಳಲ್ಲೂ ಇಲ್ಲ, ನಾನು ಹೇಳಿದ ನಾಲ್ಕನೆಯದರಲ್ಲೂ ಇಲ್ಲ. ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ ಸಾಲಿಸ್‌ಬರಿ 1991ರಲ್ಲಿ ಹುಡುಗಿಯರ ಪ್ರತ್ಯೇಕ ಕ್ವಾಯರ್ ಕಟ್ಟಿತು. ಅದಾದ ಮೇಲೆ ಒಂದರ ಹಿಂದೆ ಒಂದು ಬಾಗಿಲು ತೆರೆದವು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಕ್ವಾಯರ್‌ಗೆ ಹುಡುಗಿಯರು 2022ರಲ್ಲಿ ಬಂದರು. ಸೇಂಟ್ ಪಾಲ್ಸ್‌ನ ದೊಡ್ಡವರ ಸಾಲಿಗೆ 2017ರಲ್ಲಿ ಕ್ಯಾರಿಸ್ ಜೋನ್ಸ್ ಎಂಬ ಗಾಯಕಿ ಮೊದಲ ಮಹಿಳೆಯಾಗಿ ನೇಮಕಗೊಂಡರು; ಅಲ್ಲಿನ ಮಕ್ಕಳ ಸಾಲಿಗೆ ಹುಡುಗಿಯರು ಪೂರ್ಣ ಕೋರಿಸ್ಟರ್‌ಗಳಾಗಿ ಸೇರಿದ್ದು 2024ರಲ್ಲಿ. ಹ್ಯಾಕೆಟ್ ಪತ್ರ ಬರೆಯತೊಡಗಿ ಇನ್ನೂರು ವರ್ಷಗಳ ಮೇಲೆ.

ಇದು ಬರೀ ಗೌರವದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಎಂಟನೇ ವಯಸ್ಸಿನಿಂದ ದಿನಾ ಸ್ವರಲಿಪಿ ಓದಿ ಬೆಳೆದ ಹುಡುಗನೂ, ಹದಿನೆಂಟರಲ್ಲಿ ಕಾಲೇಜ್ ಕ್ವಾಯರ್‌ಗೆ ಬಂದು ಅದನ್ನು ಶುರು ಮಾಡುವ ಹುಡುಗಿಯೂ ಒಂದೇ ಕೆಲಸಕ್ಕೆ ಪೈಪೋಟಿಗಿಳಿದರೆ ಯಾರು ಮುಂದಿರುತ್ತಾರೆ? ಹುಡುಗಿಯರು ಬಂದರೆ ಹುಡುಗರು ಹಾಡುವುದನ್ನೇ ಬಿಡುತ್ತಾರೆ ಎಂಬ ಆತಂಕವನ್ನು ಪ್ರಾಮಾಣಿಕವಾಗಿ ಹೇಳುವವರಿದ್ದಾರೆ. ಆ ಆತಂಕಕ್ಕೆ ಮದ್ದು ಹುಡುಗರಿಗೆ ಇನ್ನಷ್ಟು ಚೆನ್ನಾಗಿ ಕಲಿಸುವುದೇ ಹೊರತು ಹುಡುಗಿಯರಿಗೆ ಬಾಗಿಲು ಮುಚ್ಚುವುದಲ್ಲ.

ಹದಿನೆಂಟಾದ ಮೇಲೆ? ಇಂಗ್ಲೆಂಡಿನಲ್ಲಿ ಹದಿಮೂರಕ್ಕೆ ಕೆಥೆಡ್ರಲ್ ಬಿಟ್ಟವರಲ್ಲಿ ಅನೇಕರು ಹಾಡುವುದನ್ನು ಅಲ್ಲಿಗೇ ಮುಗಿಸುತ್ತಾರೆ. ಉಳಿದವರಿಗೆ ಎರಡನೇ ಬಾಗಿಲು ಕೋರಲ್ ಸ್ಕಾಲರ್‌ಶಿಪ್. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ವಿದ್ಯಾರ್ಥಿ ಇತಿಹಾಸವನ್ನೋ ಗಣಿತವನ್ನೋ ಓದುತ್ತ, ವಾರದಲ್ಲಿ ಹಲವು ದಿನ ಕಾಲೇಜ್ ಚಾಪೆಲ್‌ನಲ್ಲಿ ಹಾಡುತ್ತಾನೆ. ಕಿಂಗ್ಸ್‌ನಲ್ಲಿ 16 ಮಕ್ಕಳ ಹಿಂದೆ ಇಂಥ 14 ವಿದ್ಯಾರ್ಥಿಗಳು ನಿಲ್ಲುತ್ತಾರೆ. ವಿಶ್ವವಿದ್ಯಾಲಯಕ್ಕೆ ಮೊದಲು ಒಂದು ವರ್ಷ ಬಿಡುವು ಮಾಡಿಕೊಂಡು ಯಾವುದಾದರೂ ಕೆಥೆಡ್ರಲ್‌ನಲ್ಲಿ ಹಾಡುತ್ತ ವಾಸಿಸುವ ಅವಕಾಶವೂ ಇದೆ. ಆರು ಕಿಂಗ್ಸ್ ಸ್ಕಾಲರ್‌ಗಳು ಕೂಡಿ 1968ರಲ್ಲಿ ಕಟ್ಟಿದ ತಂಡ ಇಂದಿಗೂ ಸದಸ್ಯರು ಬದಲಾಗುತ್ತ ಜಗತ್ತು ಸುತ್ತುತ್ತಿದೆ. ದ ಸಿಕ್ಸ್‌ಟೀನ್ ಎಂಬ ಗಾಯನತಂಡ 2011ರಿಂದ ಹದಿನೆಂಟರಿಂದ ಇಪ್ಪತ್ತಮೂರರವರೆಗಿನ ಗಾಯಕರಿಗೆ ಶುಲ್ಕವಿಲ್ಲದೆ ತರಬೇತಿ ಕೊಡುತ್ತಿದೆ. ಕಲಿಕೆಗೂ ಕಸುಬಿಗೂ ನಡುವೆ ಸೇತುವೆ ಹಾಕುವ ಇಂಥ ಯೋಜನೆಗಳು ಇನ್ನೂ ಹತ್ತು ಬೇಕು.

ಆಮೇಲೆ ನಿಜವಾದ ಬದುಕು. ಕೆಥೆಡ್ರಲ್‌ನಲ್ಲಿ ಸಂಬಳಕ್ಕೆ ಹಾಡುವ ದೊಡ್ಡವರನ್ನು ಲೇ ಕ್ಲರ್ಕ್ ಅಥವಾ ವಿಕಾರ್ ಕೋರಲ್ ಎನ್ನುತ್ತಾರೆ. ವೆಸ್ಟ್‌ಮಿನ್‌ಸ್ಟರ್ ಆ್ಯಬಿಯಲ್ಲೂ ಸೇಂಟ್ ಪಾಲ್ಸ್‌ನಲ್ಲೂ ಹನ್ನೆರಡು ಹನ್ನೆರಡು ಜನ. ಬಹುಪಾಲು ಕೆಥೆಡ್ರಲ್‌ಗಳಲ್ಲಿ ಇದು ಅರೆಕಾಲಿಕ ಕೆಲಸ. ಹಗಲು ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ಓಡಿಬಂದು ನಿಲುವಂಗಿ ತೊಡುತ್ತಾರೆ. ವೆಲ್ಸ್ ಎಂಬ ಪುಟ್ಟ ಊರಿನಲ್ಲಿ 1348ರಲ್ಲಿ ಬಿಷಪ್ ರಾಲ್ಫ್ ತನ್ನ ಕೆಥೆಡ್ರಲ್‌ನ ಹಾಡುಗಾರರಿಗೆಂದು ಒಂದು ಬೀದಿಯನ್ನೇ ಕಟ್ಟಿಸಲು ತೊಡಗಿದ. ಕಲ್ಲಿನ ಪುಟ್ಟ ಮನೆಗಳ ಎರಡು ಸಾಲು, ಊಟಕ್ಕೊಂದು ಹಜಾರ. ಇಂದೂ ಆ ಬೀದಿಯಲ್ಲಿ ಕ್ವಾಯರ್‌ನವರು ವಾಸವಿದ್ದಾರೆ. ಹಾಡುಗಾರನಿಗೆ ಹೊಗಳಿಕೆಗಿಂತ ಮೊದಲು ತಲೆಯ ಮೇಲೊಂದು ಸೂರು ಬೇಕೆಂದು ಆ ಬಿಷಪ್ಪನಿಗೆ ಹೊಳೆದಿತ್ತಲ್ಲ, ಅದಕ್ಕೆ ಅವನನ್ನು ನೆನೆಯುತ್ತೇನೆ.

ಲಂಡನ್ನಿನಲ್ಲಿ ಬದಲಿ ಹಾಡುಗಾರರ ಒಂದು ಲೋಕವೇ ಇದೆ. ಕಾಯಂ ಗಾಯಕನಿಗೆ ಬೇರೆ ಸಂಗೀತ ಕಛೇರಿ ಬಂದರೆ ತನ್ನ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುತ್ತಾನೆ, ಅವರಿಗೆ ಡೆಪ್ ಎಂದು ಹೆಸರು. ಬೆಳಿಗ್ಗೆ ಫೋನ್ ಬಂದರೆ ಸಂಜೆ ಹಾಡಬೇಕು, ಹಾಳೆ ಕೈಗೆ ಬರುವುದು ಆರಾಧನೆಗೆ ಒಂದು ಗಂಟೆ ಮೊದಲು. ಎಂಟನೇ ವಯಸ್ಸಿನಲ್ಲಿ ಹಳಬನ ಬೆರಳು ಹಿಡಿದು ಕಲಿತ ಓದು ಅನ್ನ ಕೊಡುವುದು ಇಲ್ಲಿ. ಭಾನುವಾರ ಚರ್ಚ್, ಸೋಮವಾರ ಪಾಠ, ಮಂಗಳವಾರ ಸಿನಿಮಾ ಸಂಗೀತದ ಧ್ವನಿಮುದ್ರಣ, ವಾರಾಂತ್ಯ ಯಾವುದೋ ಊರಿನಲ್ಲಿ ಒರಟೋರಿಯೊ ಎಂಬ ಧಾರ್ಮಿಕ ಗಾಯನಕಥನದಲ್ಲಿ ಒಂಟಿ ಗಾಯನ. ಹೈಡನ್‌ನ ಪಟ್ಟಿ ನೆನಪಾಯಿತೇ? ಅಮೆರಿಕದ ನಗರಗಳಲ್ಲೂ ಹೀಗೇ, ಒಪೆರಾ ಕನಸು ಹೊತ್ತ ಯುವ ಗಾಯಕರು ಚರ್ಚ್ ಕ್ವಾಯರ್‌ನ ಒಂದೊಂದು ಸಾಲಿಗೆ ಸಂಬಳದ ಮುಂದಾಳಾಗಿ ಹಾಡಿ ಮನೆ ಬಾಡಿಗೆಯ ಒಂದಂಶ ದುಡಿದುಕೊಳ್ಳುತ್ತಾರೆ.

ಕ್ವಾಯರ್ ಹಾಡಿಕೆ ಒಂಟಿ ಗಾಯಕನ ಕಂಠವನ್ನು ಕೆಡಿಸುತ್ತದೆ ಎಂಬ ವಾದ ಹಳೆಯದು. ಕ್ವಾಯರ್‌ನಲ್ಲಿ ದನಿ ಇತರರೊಳಗೆ ಕರಗಬೇಕು, ಕಂಪನ ಕಡಿಮೆ ಇರಬೇಕು. ಒಪೆರಾದಲ್ಲಿ ಎಪ್ಪತ್ತು ವಾದ್ಯಗಳ ಮೇಲೆ ಮೈಕ್ ಇಲ್ಲದೆ ಕೇಳಿಸಬೇಕು. ಇಪ್ಪತ್ತರ ಹರೆಯದಲ್ಲಿ ಕಂಠ ಇನ್ನೂ ಬೆಳೆಯುತ್ತಿರುತ್ತದೆ, ಬಾಸ್ ದನಿಯಂತೂ ಮೂವತ್ತರ ಆಸುಪಾಸಿಗೆ ಮಾಗುವುದು. ಆಗ ವರ್ಷಗಟ್ಟಲೆ ಬಿಗಿಹಿಡಿದು ಸಣ್ಣ ದನಿಯಲ್ಲಿ ಹಾಡಿದರೆ ಅಪಾಯ ಇರುವುದು ನಿಜ. ಕ್ವಾಯರ್ ನಿರ್ದೇಶಕರೂ ಕಂಠಗುರುಗಳೂ ಪರಸ್ಪರ ಮಾತಾಡದಿದ್ದರೆ ನಡುವೆ ನಲುಗುವುದು ವಿದ್ಯಾರ್ಥಿ. ಆದರೆ ವಾದಕ್ಕೆ ಇನ್ನೊಂದು ಮುಖವಿದೆ. ಆಲ್ಫ್ರೆಡ್ ಡೆಲರ್ 1940ರಿಂದ ಕ್ಯಾಂಟರ್‌ಬರಿ ಕೆಥೆಡ್ರಲ್‌ನ ಲೇ ಕ್ಲರ್ಕ್. ಗಂಡಸಿನ ಆಲ್ಟೊ ದನಿಗೆ ಚರ್ಚಿನ ಹೊರಗೆ ಆಗ ಬೆಲೆಯೇ ಇರಲಿಲ್ಲ. ಅಲ್ಲಿ ಅವರನ್ನು ಕೇಳಿದ ಸಂಗೀತಗಾರ ಮೈಕೆಲ್ ಟಿಪೆಟ್ ಲಂಡನ್ನಿಗೆ ಕರೆತಂದರು. 1960ರಲ್ಲಿ ಬೆಂಜಮಿನ್ ಬ್ರಿಟನ್ ತಮ್ಮ ಒಪೆರಾದ ಓಬೆರಾನ್ ಪಾತ್ರವನ್ನು ಆ ದನಿಗೆಂದೇ ಬರೆದರು. ಇಂದು ಒಪೆರಾ ವೇದಿಕೆಗಳಲ್ಲಿ ನಿಲ್ಲುವ ಕೌಂಟರ್‌ಟೆನರ್‌ಗಳಿಗೆಲ್ಲ ಅದು ಹೆಬ್ಬಾಗಿಲು. ಟೆನರ್ ಜೇಮ್ಸ್ ಗಿಲ್‌ಕ್ರಿಸ್ಟ್ ಬಾಲ್ಯದಲ್ಲಿ ಕೋರಿಸ್ಟರ್, ಆಮೇಲೆ ಕಿಂಗ್ಸ್‌ನಲ್ಲಿ ಸ್ಕಾಲರ್, ಆಮೇಲೆ ವೈದ್ಯ. 1996ರಲ್ಲಿ ವೈದ್ಯವೃತ್ತಿ ಬಿಟ್ಟು ಹಾಡಿಗೆ ಬಂದರು. ಟೆನರ್‌ಗೂ ಬಾಸ್‌ಗೂ ನಡುವಿನ ದನಿಯ, ಅಂದರೆ ಬ್ಯಾರಿಟೋನ್, ಗಾಯಕ ರಾಡರಿಕ್ ವಿಲಿಯಮ್ಸ್ ಕೆಲವು ವರ್ಷ ಶಾಲೆಯಲ್ಲಿ ಸಂಗೀತ ಮೇಷ್ಟರಾಗಿದ್ದು ಆಮೇಲೆ ಒಪೆರಾ ಕಲಿಯಲು ಹೋದವರು. ಅವಸರಪಡದೆ, ಕಂಠ ಮಾಗುವವರೆಗೂ ಸಂಗೀತದ ನಂಟು ಕಡಿಯದಂತೆ ಕಾಯಲು ಕ್ವಾಯರ್ ಅವಕಾಶ ಕೊಟ್ಟಿತು.

ಹಣದ ವಿಚಾರ ಚುಟುಕಾಗಿ. ಕ್ವಾಯರ್ ಶಾಲೆಗಳಲ್ಲಿ ಹೆಚ್ಚಿನವು ಖಾಸಗಿ. ಶುಲ್ಕದ ಒಂದು ಭಾಗವನ್ನು ಕೆಥೆಡ್ರಲ್ ಭರಿಸುತ್ತದೆ, ಉಳಿದದ್ದು ತಂದೆತಾಯಿಯ ಮೇಲೆ. 2025ರ ಜನವರಿ 1ರಿಂದ ಬ್ರಿಟನ್‌ನ ಖಾಸಗಿ ಶಾಲೆಗಳ ಶುಲ್ಕದ ಮೇಲೆ ಶೇ. 20 ತೆರಿಗೆ ಬಿದ್ದಿದೆ, ಭಾರ ಹೆಚ್ಚಿದೆ. ಆದರೆ ಬೇರೆ ದಾರಿ ಇಲ್ಲದಿಲ್ಲ. ಲೀಡ್ಸ್‌ನ ಕ್ಯಾಥೊಲಿಕ್ ಧರ್ಮಕ್ಷೇತ್ರ 2003ರಿಂದ ಗಾಯನಶಿಕ್ಷಕರನ್ನು ಸಾಮಾನ್ಯ ಸರಕಾರಿ ಶಾಲೆಗಳಿಗೇ ಕಳಿಸಿ, ತರಗತಿಯ ಎಲ್ಲ ಮಕ್ಕಳಿಗೂ ಹಾಡಿಸಿ, ಆಸಕ್ತಿ ಇದ್ದವರನ್ನು ಕೆಥೆಡ್ರಲ್‌ಗೆ ಕರೆತರುತ್ತಿದೆ. 2021ರಿಂದ ಈ ಮಾದರಿ ದೇಶದ ಬೇರೆ ಕಡೆಗೂ ಹಬ್ಬಿದೆ. ಮುಂದಿನ ಐವತ್ತು ವರ್ಷ ಈ ಸಂಗೀತ ಉಳಿದರೆ ಇಂಥ ಶಾಲೆಗಳಿಂದ ಉಳಿಯುತ್ತದೆ ಎಂದು ನನ್ನ ನಂಬಿಕೆ.

ಹಣವಿಲ್ಲದ ಚರ್ಚ್ ಏನು ಮಾಡಬಲ್ಲದು ಎನ್ನುವವರಿಗೆ ಫಿಲಡೆಲ್ಫಿಯಾದ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚನ್ನು ತೋರಿಸುತ್ತೇನೆ. ಅಲ್ಲಿನ ಮಕ್ಕಳ ಕ್ವಾಯರ್‌ಗೆ ಆರನೇ ವಯಸ್ಸಿಗೆ ಸೇರಿದವಳು ಮೇರಿಯನ್ ಆಂಡರ್ಸನ್. ಕಪ್ಪು ಬಣ್ಣದವಳೆಂದು ಆ ಊರಿನ ಸಂಗೀತಶಾಲೆಯೊಂದು ಅವಳಿಗೆ ಪ್ರವೇಶ ಕೊಡಲಿಲ್ಲ. ಆಗ ಆ ಚರ್ಚಿನ ಜನ, ಶ್ರೀಮಂತರಲ್ಲದ ಜನ, ಚಿಲ್ಲರೆ ಕೂಡಿಸಿ, ಕಛೇರಿ ಏರ್ಪಡಿಸಿ, ಅವಳ ಭವಿಷ್ಯಕ್ಕೆಂದು ಒಂದು ನಿಧಿ ಮಾಡಿದರು. ಒಳ್ಳೆಯ ಗುರುವಿನ ಬಳಿ ಪಾಠಕ್ಕೆ ಕಳಿಸಿದರು. 1939ರ ಈಸ್ಟರ್ ಭಾನುವಾರ ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಸುಮಾರು 75,000 ಜನರೆದುರು ಅವರು ಹಾಡಿದರು. 1955ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಪಾತ್ರ ವಹಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಗಾಯಕಿಯಾದರು. ಆ ಚರ್ಚಿಗೆ ಅವಳ ದನಿ ಭಾನುವಾರದ ಉಪಯೋಗಕ್ಕೆ ಇದ್ದ ವಸ್ತುವಾಗಿರಲಿಲ್ಲ. ಅವಳು ಅವರ ಮಗಳಾಗಿದ್ದಳು.

ಕೊನೆಗೆ ಒಬ್ಬರ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. 1927ರಲ್ಲಿ ಲಂಡನ್ನಿನ ಟೆಂಪಲ್ ಚರ್ಚಿಗೆ ಧ್ವನಿಮುದ್ರಣದ ವಾಹನ ಬಂತು. ಮೆಂಡೆಲ್ಸನ್‌ನ ‘ಹಿಯರ್ ಮೈ ಪ್ರೇಯರ್’ ಅನ್ನು ಅರ್ನೆಸ್ಟ್ ಲಫ್ ಎಂಬ ಹದಿನೈದರ ಹುಡುಗ ಹಾಡಿದ. ಪಾರಿವಾಳದ ರೆಕ್ಕೆ ನನಗಿದ್ದಿದ್ದರೆ ಎಂಬ ಸಾಲು ಅದರಲ್ಲಿ ಬರುತ್ತದೆ. ಗ್ರಾಮಫೋನ್ ತಟ್ಟೆ ಎಷ್ಟು ಮಾರಾಟವಾಯಿತೆಂದರೆ ಅಚ್ಚೇ ಸವೆದುಹೋಗಿ, ಮರುವರ್ಷ ಅದೇ ಹುಡುಗನಿಂದ ಮತ್ತೊಮ್ಮೆ ಹಾಡಿಸಬೇಕಾಯಿತು. ಆಮೇಲೆ ದನಿ ಬದಲಾಯಿತು. ಲಫ್ ಒಪೆರಾ ಗಾಯಕರಾಗಲಿಲ್ಲ. ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ ಸಂಸಾರ ನಡೆಸಿದರು. ಟೆಂಪಲ್ ಚರ್ಚಿನ ಕ್ವಾಯರ್‌ನಲ್ಲಿ ಹಿಂದಿನ ಸಾಲಿನಲ್ಲಿ, ಬ್ಯಾರಿಟೋನ್ ಆಗಿ, ಹಲವು ವರ್ಷ ಹಾಡುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಪ್ರತಿ ವರ್ಷ ಹೊಸ ಮಕ್ಕಳು ಬಂದು ನಿಲ್ಲುತ್ತಿದ್ದರು.